ಚನ್ನರಾಯಪಟ್ಟಣದ ಒತ್ತಕ್ಷರ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಶಾಲೆಗಳ ಹಳೆಯ ಗುಂಪು ಛಾಯಾಚಿತ್ರಗಳನ್ನು ಸ್ಕ್ಯಾನ್ ಮಾಡಿ, ಪ್ರತಿಯೊಂದರ ಕೆಳಗೆ ಊರು, ವರ್ಷ, ಸಾಲಿನಲ್ಲಿ ನಿಂತವರ ಹೆಸರು ಮೂಡಿಸುವ ಪೈಥಾನ್ ಪ್ರೋಗ್ರಾಂ ಒಂದನ್ನು ನಿಮ್ಮಲ್ಲೇ ಒಬ್ಬರು ಬರೆದುಕೊಟ್ಟಿದ್ದು ಹಲವರಿಗೆ ನೆನಪಿರಬಹುದು. ಹೊಸ ಕಂಪ್ಯೂಟರಿನಲ್ಲಿ ಅದು ಓಡುತ್ತಿಲ್ಲ. "ಹಳೆಯ ಕಂಪ್ಯೂಟರನ್ನೇ ಇಟ್ಟುಕೊಳ್ಳಿ ಸಾರ್, ನಡೆಯುವುದನ್ನು ಏಕೆ ಮುಟ್ಟಬೇಕು?" ಎಂದು ಕೆಲವರು ಸಲಹೆ ನೀಡಿದ್ದೀರಿ. ಈ ಮಾತನ್ನು ನಾನು ಒಪ್ಪಲಾರೆ.

ಆ ಪ್ರೋಗ್ರಾಂ ನೆಚ್ಚಿಕೊಂಡಿರುವುದು ಪಿಐಎಲ್ ಎಂಬ ಚಿತ್ರಸಂಸ್ಕರಣಾ ಲೈಬ್ರರಿಯನ್ನು. ಫ್ರೆಡ್ರಿಕ್ ಲುಂಡ್ ಅವರು ರೂಪಿಸಿದ ಈ ಲೈಬ್ರರಿಯ ಕೊನೆಯ ಆವೃತ್ತಿ 1.1.7 ಹೊರಬಂದದ್ದು 2009ರಲ್ಲಿ. ಮರುವರ್ಷವೇ ಅಲೆಕ್ಸ್ ಕ್ಲಾರ್ಕ್ ಎಂಬುವರು ಅದರಿಂದ ಒಂದು ಕವಲು ತೆಗೆದು 'ಪಿಲ್ಲೋ' ಎಂದು ಹೆಸರಿಟ್ಟರು. (ಇದಕ್ಕೆ ಇಂಗ್ಲಿಷಿನವರು ಫೋರ್ಕ್ ಎನ್ನುತ್ತಾರೆ, ಊಟದ ಮುಳ್ಳುಚಮಚೆಯ ನೆನಪು ಬರುತ್ತದೆ! ಮರದ ನೆನಪು ತರುವ ನಮ್ಮ 'ಕವಲು' ಎಷ್ಟೋ ಮೇಲು.) ಲುಂಡ್ ಅವರು 2021ರಲ್ಲಿ ತೀರಿಕೊಂಡರು. ಕವಲಿಗೆ ಹೋಗುವುದು ಮೂಲಕರ್ತೃವಿಗೆ ಎಸಗುವ ಅಗೌರವವಲ್ಲ. ಅವರ ಕೆಲಸ ಇಂದಿಗೂ ಉಸಿರಾಡುತ್ತಿರುವುದು ಪಿಲ್ಲೋದಲ್ಲೇ. ಚಿತ್ರ ತೆರೆಯುವ ಭಾಗದಲ್ಲಿ ಕಂಡುಬರುವ ಭದ್ರತಾ ದೋಷಗಳನ್ನು ತಿದ್ದುವವರು ಇರುವುದೂ ಅಲ್ಲಿ ಮಾತ್ರ. ವಾಟ್ಸಾಪಿನಲ್ಲಿ ಎಲ್ಲಿಂದಲೋ ಬಂದ ಚಿತ್ರಗಳನ್ನು ತೆರೆಯುವ ನಮಗೆ ಇದು ಸಣ್ಣ ವಿಷಯವಲ್ಲ.

ಬದಲಾವಣೆ ದೊಡ್ಡದೇನಲ್ಲ. ಎರಡೂ ಒಟ್ಟಿಗೆ ಇರಲಾರವು, ಆದ್ದರಿಂದ ಹಳೆಯದನ್ನು ಮೊದಲು ತೆಗೆಯಬೇಕು. 'ಇಂಪೋರ್ಟ್ ಇಮೇಜ್' ಎಂದಿರುವಲ್ಲಿ 'ಫ್ರಮ್ ಪಿಐಎಲ್ ಇಂಪೋರ್ಟ್ ಇಮೇಜ್' ಆಗಬೇಕು. 2023ರ 10ನೇ ಆವೃತ್ತಿಯಲ್ಲಿ 'ಆಂಟಿಅಲಿಯಾಸ್' ಎಂಬ ಹೆಸರು ಹೋಗಿ 'ಲ್ಯಾಂಕ್ಜೋಸ್' ಉಳಿದಿದೆ. ಅಕ್ಷರಗಳ ಅಳತೆ ಕೇಳುವ 'ಟೆಕ್ಸ್ಟ್‌ಸೈಜ್' ಬದಲು 'ಟೆಕ್ಸ್ಟ್‌ಬಿಬಾಕ್ಸ್' ಬಳಸಬೇಕು.

ನಿಜವಾದ ತೊಡಕು ಇರುವುದು ಕನ್ನಡದಲ್ಲಿ. ಹಳೆಯ ಪ್ರೋಗ್ರಾಂ ನುಡಿಯ ಆಸ್ಕಿ ಫಾಂಟಿನಿಂದ ಹೆಸರು ಬರೆಯುತ್ತಿತ್ತು. ಅಲ್ಲಿ ಒತ್ತು, ದೀರ್ಘ, ಕೊಂಬು ಎಲ್ಲವೂ ಬೇರೆ ಬೇರೆ ತುಣುಕುಗಳು, ಮೊಳೆ ಜೋಡಿಸಿದಂತೆ ಒಂದರ ಪಕ್ಕ ಒಂದಿಟ್ಟರೆ ಅಕ್ಷರ ಸಿದ್ಧ. ಯೂನಿಕೋಡಿನಲ್ಲಿ ಹಾಗಲ್ಲ. ನಕಾರ, ವಿರಾಮ, ಮತ್ತೆ ನಕಾರ ಬಂದಾಗ ಎರಡನೆಯದನ್ನು ಒತ್ತಾಗಿಸಿ ಕೆಳಗಿಳಿಸುವ ಕೆಲಸ ಬೇರೊಬ್ಬರದು. ಪಿಲ್ಲೋದಲ್ಲಿ ಆ ಕೆಲಸ ಮಾಡುವುದು 2017ರಲ್ಲಿ ಸೇರಿದ 'ರಾಕ್ಮ್' ಎಂಬ ಅಂಗ. ಹಳೆಯ ಪಿಐಎಲ್‌ನಲ್ಲಿ ಅದು ಇರಲೇ ಇಲ್ಲ. ರಾಕ್ಮ್ ಕೆಲಸ ಮಾಡದಿದ್ದರೆ 'ಚನ್ನರಾಯಪಟ್ಟಣ'ದ ಎರಡೂ ಒತ್ತುಗಳು ಕಳಚಿ ಪಕ್ಕಕ್ಕೆ ನಿಲ್ಲುತ್ತವೆ. ವಿಂಡೋಸ್ ಬಳಸುವವರು 'ಫ್ರಿಬಿಡಿ' ಎಂಬ ಕಡತವನ್ನೂ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ಆಸ್ಕಿಯಲ್ಲಿರುವ ಹೆಸರಿನ ಪಟ್ಟಿಯನ್ನು ಯೂನಿಕೋಡಿಗೆ ತರುವ ಕೆಲಸವೂ ಇದೆ, ಅದೇ ಹೆಚ್ಚು ಬೇಸರದ್ದು.

ಇಷ್ಟು ಕಟ್ಟುನಿಟ್ಟು ಏಕೆಂದರೆ, ಆ ಚಿತ್ರಗಳಲ್ಲಿರುವ ಅನೇಕರು ಈಗಿಲ್ಲ. ಸಾಲಿನಲ್ಲಿ ಎಡದಿಂದ ಮೂರನೆಯವರು ಯಾರೆಂದು ಹೇಳಬಲ್ಲ ಸಹಪಾಠಿಗಳೂ ಕಡಿಮೆಯಾಗುತ್ತಿದ್ದಾರೆ. ಚಿತ್ರದೊಳಗೆ ಒಮ್ಮೆ ತಪ್ಪಾಗಿ ಮೂಡಿದ ಹೆಸರನ್ನು ಆಮೇಲೆ ಅಳಿಸಲಾಗದು, ಮೂಲಪ್ರತಿ ಬೇರೆ ಇರಲೇಬೇಕು.

ಈ ಕೆಲಸ ಕೈಗೆತ್ತಿಕೊಳ್ಳುವವರು ಹಾಸನ, ಅರಕಲಗೂಡು ಎಂದು ಬರೆಸಿ ನೋಡಿ ತೃಪ್ತರಾಗಬೇಡಿ. ಒತ್ತಿಲ್ಲದ ಹೆಸರುಗಳನ್ನು ಹೇಗೋ ಓದಿಕೊಳ್ಳಬಹುದು. ಮೊದಲು ಚನ್ನರಾಯಪಟ್ಟಣವನ್ನು ಬರೆಸಿ, ನನಗೆ ಕಳುಹಿಸಿ. ಕೆಂಪು ಶಾಯಿಯ ಪೆನ್ನು ಇನ್ನೂ ನನ್ನ ಬಳಿ ಇದೆ.