ದಸರಾ ಬಟ್ಟೆ, ಮುಚ್ಚಿದ ಟ್ರಯಲ್ ರೂಮ್: ಗಡಿ ಊರುಗಳ ಲೆಕ್ಕ



2021ರಲ್ಲಿ ಅಕ್ಟೋಬರ್ 6ರ ಮಹಾಲಯ ಅಮಾವಾಸ್ಯೆಗೆ ಪಿತೃಪಕ್ಷ ಮುಗಿಯಿತು. ಮರುದಿನವೇ ನವರಾತ್ರಿ ಆರಂಭ, 15ಕ್ಕೆ ವಿಜಯದಶಮಿ. ಪಕ್ಷದ ದಿನಗಳಲ್ಲಿ ಹೊಸ ಬಟ್ಟೆ ತರಬಾರದೆಂಬ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಹಾಗಾಗಿ ಒಂದು ತಿಂಗಳಲ್ಲಿ ಹಂಚಿಹೋಗಬೇಕಾದ ಜನ ಹಿಂದೂಪುರ, ಕಲ್ಯಾಣದುರ್ಗದ ಬಟ್ಟೆ ಅಂಗಡಿಗಳಿಗೆ ಏಳೆಂಟು ದಿನಗಳಲ್ಲೇ ನುಗ್ಗುತ್ತಾರೆ. ಆಗ ಎರಡನೇ ಅಲೆ ಇಳಿದಿತ್ತು, ಕೊರೊನಾ ಹೋಗಿರಲಿಲ್ಲ. ಹದಿನೆಂಟರ ಒಳಗಿನ ಮಕ್ಕಳಿಗೆ ಲಸಿಕೆ ಹಾಕುವುದು ಆಗ ಇನ್ನೂ ಶುರುವಾಗಿರಲಿಲ್ಲ. ಹಬ್ಬದ ಬಟ್ಟೆ ಹೆಚ್ಚಾಗಿ ಕೊಳ್ಳುವುದು ಆ ಮಕ್ಕಳಿಗೇ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ಕೂತು ಯೋಚಿಸಬೇಕಾಗಿದೆ.

ಮೊದಲು ವ್ಯಾಪಾರದ ಕಡೆಯಿಂದ ನೋಡೋಣ. 2020ರ ಲಾಕ್‌ಡೌನ್ ಶುರುವಾದ ಮಾರ್ಚ್ 25 ಯುಗಾದಿಯ ದಿನ. ಆ ವರ್ಷದ ಅಕ್ಷಯ ತೃತೀಯ, ರಂಜಾನ್ ಎರಡೂ ಲಾಕ್‌ಡೌನ್‌ನಲ್ಲೇ ಕಳೆದವು. 2021ರಲ್ಲಿ ಅವೆರಡೂ ಮೇ 14ರಂದು ಒಂದೇ ದಿನ ಬಂದವು, ಅಷ್ಟರಲ್ಲಿ ಮತ್ತೆ ಕರ್ಫ್ಯೂ. ಮದುವೆಯ ಎರಡು ಸೀಸನ್ ಹೀಗೆ ಕೈಬಿಟ್ಟುಹೋಯಿತು. ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕು. ಮೇ 5ರಿಂದ ಆಂಧ್ರದಲ್ಲಿ ಬೆಳಗ್ಗೆ 6ರಿಂದ ಮಧ್ಯಾಹ್ನ 12ರವರೆಗೆ ಅಂಗಡಿ ತೆರೆಯಬಹುದಿತ್ತು. ಪಕ್ಕದ ಗೌರಿಬಿದನೂರು, ಪಾವಗಡಗಳಲ್ಲಿ ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ ಬಟ್ಟೆ ಅಂಗಡಿಗೆ ಅನುಮತಿಯೇ ಇರಲಿಲ್ಲ. ಹೆಣ್ಣಿನ ಕಡೆಯವರು ಇತ್ತ, ಗಂಡಿನ ಕಡೆಯವರು ಅತ್ತ ಇದ್ದರೆ ಒಂದೇ ಮದುವೆಯ ಜವಳಿಗೆ ಎರಡು ಕಾನೂನು. ಈ ನಷ್ಟವನ್ನು ದಸರಾ, ದೀಪಾವಳಿಯಲ್ಲಿ ತುಂಬಿಕೊಳ್ಳಬೇಕೆಂದು ಅಂಗಡಿಯವರು ಕಾಯುತ್ತಿದ್ದುದು ಸಹಜ.

ಟ್ರಯಲ್ ರೂಮ್ ಮುಚ್ಚಿದ್ದು ಯಾವಾಗ? 2020ರ ಮೇ ಕೊನೆಯ ವಾರ ಆಂಧ್ರ ಸರ್ಕಾರ ಬಟ್ಟೆ, ಚಪ್ಪಲಿ, ಒಡವೆ ಅಂಗಡಿಗಳಿಗೆ ಅನುಮತಿ ಕೊಟ್ಟಾಗ ಹಾಕಿದ ಷರತ್ತುಗಳಲ್ಲಿ ಅದೂ ಒಂದು. ಆಗ ನಮ್ಮೆಲ್ಲರ ಭಯ ಬಟ್ಟೆಯ ಮೇಲೆ ಇತ್ತು. ಯಾರೋ ಹಾಕಿ ಬಿಚ್ಚಿದ ಅಂಗಿಯಲ್ಲಿ ವೈರಸ್ ಕೂತಿದ್ದರೆ? ಆ ವರ್ಷದ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ವಿಜ್ಞಾನಿಗಳು ‘ಲ್ಯಾನ್ಸೆಟ್ ಮೈಕ್ರೋಬ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬಟ್ಟೆಗೆ ಹಚ್ಚಿದ ವೈರಸ್ ಎರಡನೇ ದಿನಕ್ಕೆ ಸೋಂಕು ತಗಲಿಸುವ ಸ್ಥಿತಿಯಲ್ಲಿ ಸಿಗಲಿಲ್ಲ. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಸೋಂಕಿರುವ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ರೋಗ ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತಲೂ ಕಡಿಮೆ ಎಂದಿತು. ಅದೇ ತಿಂಗಳ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ, ಗಾಳಿಯಾಡದ, ಜನ ತುಂಬಿದ ಒಳಜಾಗಗಳಲ್ಲಿ ಉಸಿರಿನ ಸಣ್ಣ ಕಣಗಳ ಮೂಲಕವೂ ರೋಗ ಹರಡುತ್ತದೆ ಎಂದು ಸ್ಪಷ್ಟವಾಗಿ ಹೇಳಿತು.

ಅಂದರೆ ಅಪಾಯ ಇರುವುದು ಅಂಗಿಯಲ್ಲಿ ಅಲ್ಲ, ಗಾಳಿಯಲ್ಲಿ. ಕಿಟಕಿ ಇಲ್ಲದ ಮೂರಡಿ ಕೋಣೆಯಲ್ಲಿ ಒಬ್ಬರ ಹಿಂದೊಬ್ಬರು ಮಾಸ್ಕ್ ತೆಗೆದು ಬಟ್ಟೆ ಬದಲಿಸುವುದನ್ನು ತಡೆದದ್ದು ತಪ್ಪಲ್ಲ. ಆದರೆ ಕಾರಣವನ್ನು ತಪ್ಪಾಗಿ ತಿಳಿದರೆ ಎಚ್ಚರವೂ ತಪ್ಪು ಜಾಗಕ್ಕೆ ಹೋಗುತ್ತದೆ. ಬಾಗಿಲಲ್ಲಿ ಕೈಗೆ ಸ್ಯಾನಿಟೈಸರ್ ಹಾಕಿ, ಒಳಗೆ ಎಸಿಗಾಗಿ ಗಾಜಿನ ಬಾಗಿಲು ಮುಚ್ಚಿ, ಸೀರೆ ಹಾಸಿದ ಜಮಖಾನದ ಸುತ್ತ ಹದಿನೈದು ಜನ ಒತ್ತಿಕೊಂಡು ಕೂತರೆ ಟ್ರಯಲ್ ರೂಮ್‌ಗೆ ಬೀಗ ಹಾಕಿ ಪ್ರಯೋಜನವಿಲ್ಲ. ಇಡೀ ಅಂಗಡಿಯೇ ಟ್ರಯಲ್ ರೂಮ್ ಆಯಿತು. ಅಲ್ಲಿ ಗಿರಾಕಿ ಒಂದು ಗಂಟೆ ಇರುತ್ತಾನೆ, ಸೀರೆ ಬಿಚ್ಚಿ ತೋರಿಸುವ ಹುಡುಗಿಯರು ಬೆಳಗಿನಿಂದ ರಾತ್ರಿಯವರೆಗೆ ಇರುತ್ತಾರೆ. ಮೊದಲ ಪೆಟ್ಟು ಅವರಿಗೇ.

ಇನ್ನು ಹಣದ ಲೆಕ್ಕ. ಹಾಕಿ ನೋಡದೆ ಕೊಂಡ ಬಟ್ಟೆ ಮನೆಗೆ ಹೋದ ಮೇಲೆ ಬಿಗಿಯಾದರೆ ಆ ಖರ್ಚು ಯಾರದು? ರೆಡಿಮೇಡ್‌ನಲ್ಲಿ ಒಂದು ಕಂಪನಿಯ 40 ಇನ್ನೊಂದರ 42ಕ್ಕೆ ಸಮ. ಹಳ್ಳಿಯಿಂದ ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಬಂದ ಕೂಲಿಯವರಿಗೆ ಒಂದು ಅಂಗಿ ಬದಲಿಸಲು ಮತ್ತೆ ಬಸ್ ಚಾರ್ಜು, ಒಂದು ದಿನದ ಕೂಲಿ ನಷ್ಟ. ಅಲ್ಲಿಗೆ ಬಂದರೆ ಬಿಲ್ಲಿನ ಕೆಳಗೆ ಅಚ್ಚಾದ ಸಾಲು: ಮಾರಿದ ಮಾಲು ವಾಪಸ್ ಇಲ್ಲ.

ಈ ಸಾಲಿನ ಬಗ್ಗೆ ಕಾನೂನು ತಿಳಿದಿರಲಿ. 2020ರ ಜುಲೈ 20ರಿಂದ ಜಾರಿಯಾದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಹಾಗೆಯೇ. ಬಣ್ಣ ಬಿಟ್ಟ ಸೀರೆ, ಹೊಲಿಗೆ ಹರಿದ ಪ್ಯಾಂಟು ಇದರಲ್ಲಿ ಬರುತ್ತವೆ. ಅಳತೆ ಸರಿಹೋಗದಿರುವುದು ದೋಷವಲ್ಲ, ಅದು ಅಂಗಡಿಯವರ ಒಪ್ಪಿಗೆಗೆ ಬಿಟ್ಟದ್ದು. ಗಡಿಯವರಿಗೆ ಈ ಕಾಯ್ದೆಯಲ್ಲಿ ಒಂದು ದೊಡ್ಡ ಅನುಕೂಲವಿದೆ. ಗೌರಿಬಿದನೂರಿನಲ್ಲೋ ಬೆಂಗಳೂರಿನಲ್ಲೋ ಕೊಂಡಿದ್ದರೂ, ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ.

ಅಂಗಡಿಯವರ ಕಷ್ಟವೂ ಸುಳ್ಳಲ್ಲ. ನಮ್ಮ ಸದಸ್ಯರಲ್ಲಿ ಕೊಳ್ಳುವವರೂ ಇದ್ದಾರೆ, ಗಲ್ಲಾದ ಮೇಲೆ ಕೂರುವವರೂ ಇದ್ದಾರೆ. ಸಾಲದ ಮೇಲೆ ಮಾಲು ತಂದವರಿಗೆ ಎಲ್ಲವನ್ನೂ ವಾಪಸ್ ತೆಗೆದುಕೊಳ್ಳಿ ಎಂದರೆ ನ್ಯಾಯವಲ್ಲ. ನಾವು ಕೇಳುವುದು ಇಷ್ಟೇ: ಟ್ಯಾಗ್ ಕೀಳದ, ಒಗೆಯದ ಬಟ್ಟೆಯನ್ನು ಏಳು ದಿನದೊಳಗೆ ತಂದರೆ ಬೇರೆ ಅಳತೆಯದು ಕೊಡಿ, ಅದನ್ನು ಬಿಲ್ಲಿನಲ್ಲೇ ಬರೆಯಿರಿ. ವಾಪಸ್ ಬಂದ ಬಟ್ಟೆಯನ್ನು ಎರಡು ದಿನ ಪಕ್ಕಕ್ಕಿಟ್ಟು ಮತ್ತೆ ಮಾರಬಹುದು. ಇದು ಉಪಕಾರವಲ್ಲ, ವ್ಯಾಪಾರ. ಕೊರೊನಾ ಕಾಲದ ಒಂದೂವರೆ ವರ್ಷದಲ್ಲಿ ನಮ್ಮ ಹುಡುಗರು ಫೋನಿನಲ್ಲಿ ಬಟ್ಟೆ ತರಿಸುವುದನ್ನು ಕಲಿತಿದ್ದಾರೆ. ಅಲ್ಲಿ ಅವರನ್ನು ಎಳೆಯುವುದು ಬೆಲೆಯೊಂದೇ ಅಲ್ಲ, ಸರಿಹೋಗದಿದ್ದರೆ ವಾಪಸ್ ಕೊಡಬಹುದೆಂಬ ಧೈರ್ಯ. ಆ ಧೈರ್ಯವನ್ನು ಊರಿನ ಅಂಗಡಿ ಕೊಡದಿದ್ದರೆ ಗಿರಾಕಿ ಮರಳಿ ಬರುವುದಿಲ್ಲ.

ಹಾಗೆ ನೋಡಿದರೆ ಟ್ರಯಲ್ ರೂಮ್ ನಮಗೆ ಹೊಸದು, ಅಳತೆ ಬಟ್ಟೆ ಹಳೆಯದು. ಅಳತೆಯ ರವಿಕೆ ಕೊಟ್ಟು ಹೊಲಿಸಿಕೊಂಡವರು ನಮ್ಮ ಅಮ್ಮಂದಿರು. ಮಕ್ಕಳನ್ನು ಮನೆಯಲ್ಲೇ ಬಿಟ್ಟು, ಅವರಿಗೆ ಈಗ ಸರಿಯಾಗಿರುವ ಒಂದು ಅಂಗಿ, ಒಂದು ಚಡ್ಡಿ ಚೀಲದಲ್ಲಿ ಹಾಕಿಕೊಂಡು ಹೋಗಿ. ಅದರ ಮೇಲಿಟ್ಟು ಅಳೆದರೆ ಮುಕ್ಕಾಲು ಪಾಲು ತಪ್ಪು ತಪ್ಪುತ್ತದೆ. ಇಲ್ಲವಾದರೆ ಬಟ್ಟೆ ತಂದು ಹೊಲಿಸಿ. 2021ರಲ್ಲಿ ‘ಜಗನನ್ನ ವಿದ್ಯಾ ಕಾನುಕ’ದಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ 3 ಜೊತೆ ಸಮವಸ್ತ್ರದ ಬಟ್ಟೆ ಬರುತ್ತಿತ್ತು. ಸಮವಸ್ತ್ರದ ಬಟ್ಟೆ ಹೊಲಿಯಲು ಹೋದಾಗಲೇ ಹಬ್ಬದ ಒಂದು ಅಂಗಿಯ ಬಟ್ಟೆಯೂ ಜೊತೆಗೆ ಹೋಗಲಿ. 2020ರಲ್ಲಿ ದರ್ಜಿಗಳಿಗೆ ಸರ್ಕಾರ ‘ಚೇದೋಡು’ ಯೋಜನೆಯಲ್ಲಿ 10,000 ರೂಪಾಯಿ ಕೊಟ್ಟಿತು. ಅದು ಆ ಹೊತ್ತಿನ ಆಸರೆ. ಅಂಗಡಿ ಬಾಡಿಗೆ ಕಟ್ಟಲು ಅವರಿಗೆ ಬೇಕಾದದ್ದು ನಮ್ಮ ಹೊಲಿಗೆ.

ಸದಸ್ಯರಲ್ಲಿ ನಮ್ಮ ವಿನಂತಿ: ಹಬ್ಬದ ಹಿಂದಿನ ಎರಡು ದಿನ ಬಿಟ್ಟು, ವಾರದ ನಡುವೆ ಬೆಳಗ್ಗೆ ಅಂಗಡಿಗೆ ಹೋಗಿ. ಮನೆಗೆ ಇಬ್ಬರು ಸಾಕು. ಬಾಗಿಲು, ಕಿಟಕಿ ತೆರೆಯುವಂತೆ ಕೇಳಿ, ಮೂಗು ಮುಚ್ಚುವಂತೆ ಮಾಸ್ಕ್ ಹಾಕಿ. ಬಿಲ್ ತಪ್ಪದೆ ಪಡೆಯಿರಿ. ಅಂಗಡಿ ನಡೆಸುವ ಸದಸ್ಯರೇ, ನಿಮ್ಮ ಕೆಲಸದವರಿಗೆ ಎರಡೂ ಡೋಸ್ ಆಗಿದೆಯೇ ನೋಡಿ. ಆಗದಿದ್ದರೆ ನವರಾತ್ರಿಗೆ ಮುಂಚೆ ಅರ್ಧ ದಿನ ಸಂಬಳಸಹಿತ ಬಿಡುವು ಕೊಟ್ಟು ಲಸಿಕೆಗೆ ಕಳುಹಿಸಿ.