ಸುಳ್ಳಾಡಲಾರದವರ ಲೋಕದಲ್ಲೊಂದು ಪ್ರೇಮ

ಪ್ರೇಮಕಥೆಯನ್ನೂ ಮಾಯಾಲೋಕವನ್ನೂ ಒಟ್ಟಿಗೆ ಹೆಣೆದು, 'ರೊಮ್ಯಾಂಟಸಿ' ಎಂಬ ಹೆಸರಿನಲ್ಲಿ ಮಾರಲಾಗುವ ಇಂಗ್ಲಿಷ್ ಕಾದಂಬರಿಗಳ ಬೆಳೆ ಕಳೆದೊಂದು ದಶಕದಲ್ಲಿ ಹುಲುಸಾಗಿದೆ. ಈ ಬೆಳೆಯಲ್ಲಿ ಜೊಳ್ಳೇ ಹೆಚ್ಚೆಂಬ ಗಂಭೀರ ಓದುಗರ ಆಕ್ಷೇಪ ಅಷ್ಟೇನೂ ಅನ್ಯಾಯದ್ದಲ್ಲ. ಆದರೆ ಅಮೆರಿಕದ ಲೇಖಕಿ ಹಾಲಿ ಬ್ಲ್ಯಾಕ್ ಅವರ 'ದ ಕ್ರೂಯಲ್ ಪ್ರಿನ್ಸ್' (2018) ಆ ಆಕ್ಷೇಪದ ಜರಡಿಯಲ್ಲಿ ಸುಲಭವಾಗಿ ಸೋರಿಹೋಗುವ ಕೃತಿಯಲ್ಲ. ಅದು ತನ್ನ ಲೋಕದ ಒಂದು ಕಟ್ಟಳೆಯನ್ನು ಕೊನೆಯವರೆಗೂ ಸಡಿಲಿಸದೆ, ಆ ಕಟ್ಟಳೆಯಿಂದಲೇ ಪ್ರೇಮವನ್ನೂ ರಾಜಕಾರಣವನ್ನೂ ಹುಟ್ಟಿಸುತ್ತದೆ.

ಇಲ್ಲಿನ ಫೇರಿಗಳು ಮಕ್ಕಳ ಚಿತ್ರಪುಸ್ತಕಗಳಲ್ಲಿ ಹಾರಾಡುವ ರೆಕ್ಕೆಯ ಕಿನ್ನರಿಯರಲ್ಲ. ಸ್ಕಾಟ್ಲೆಂಡ್, ಐರ್ಲೆಂಡ್ ಮತ್ತು ವೇಲ್ಸ್ ನಾಡುಗಳ ಜಾನಪದದಲ್ಲಿ ಫೇರಿಗಳೆಂದರೆ ಹುಲ್ಲುದಿಬ್ಬಗಳ ಒಡಲಲ್ಲಿ ಬೀಡುಬಿಟ್ಟು, ಮನುಷ್ಯರ ಕೂಸುಗಳನ್ನು ಕದ್ದೊಯ್ದು, ಕಬ್ಬಿಣಕ್ಕೆ ಹೆದರಿ ದೂರ ನಿಲ್ಲುವ ಜನಾಂಗ. ಅವರ ಮುನಿಸಿಗೆ ಅಂಜಿ ಹಳ್ಳಿಗರು ಅವರನ್ನು 'ಒಳ್ಳೆಯ ಜನ' ಎಂದೇ ಕರೆಯುತ್ತಿದ್ದರು. ರಾಬರ್ಟ್ ಕಿರ್ಕ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 17ನೆಯ ಶತಮಾನದ ಕೊನೆಯಲ್ಲಿ ಇವರ ಆಚಾರವಿಚಾರಗಳ ಕುರಿತು ಒಂದು ಗ್ರಂಥವನ್ನೇ ಬರೆದಿಟ್ಟ. ಅದಕ್ಕೂ ಬಹಳ ಹಿಂದೆ, 12ನೆಯ ಶತಮಾನದಲ್ಲಿ, ವೇಲ್ಸ್‌ನ ಜೆರಾಲ್ಡ್ ಎಂಬ ಬರಹಗಾರ ದಾಖಲಿಸಿದ ಎಲಿಡೋರನ ಕಥೆಯಲ್ಲಿ ನೆಲದಡಿಯ ಪುಟ್ಟ ಜನರು ಎಲ್ಲಕ್ಕಿಂತ ಹೆಚ್ಚಾಗಿ ಹೇಸುವುದು ಸುಳ್ಳನ್ನು. ಹಳೆಯ ಈ ಎಳೆಯನ್ನು ಇತ್ತೀಚಿನ ಲೇಖಕರು ಬಿಗಿಗೊಳಿಸಿ, ಫೇರಿಗಳು ಸುಳ್ಳಾಡಲಾರರು ಎಂಬ ನಿಯಮವಾಗಿಸಿದ್ದಾರೆ. ರಾಘವಾಂಕನ ಹರಿಶ್ಚಂದ್ರ ಸುಳ್ಳಾಡಬಲ್ಲವನಾಗಿದ್ದೂ ಆಡದೆ ಉಳಿದದ್ದರಿಂದ ಅವನ ಸತ್ಯ ಗುಣವೆನಿಸಿತು. ಬ್ಲ್ಯಾಕ್ ಅವರ ಫೇರಿಗಳ ಸತ್ಯವಾದರೋ ಗುಣವೇ ಅಲ್ಲ, ಹುಟ್ಟಿನೊಂದಿಗೇ ಬಂದ ನಾಲಗೆಯ ಬಂಧನ. ಆದ್ದರಿಂದಲೇ ಅವರು ನಿಜವನ್ನೇ ಕತ್ತರಿಸಿ, ತಿರುಚಿ, ಅರ್ಧ ಮಾತ್ರ ಹೇಳಿ ವಂಚಿಸುವುದರಲ್ಲಿ ನಿಪುಣರು.

ಕಥೆಯ ನಾಯಕಿ ಜೂಡ್ ಏಳು ವರ್ಷದವಳಾಗಿದ್ದಾಗ ಮ್ಯಾಡಕ್ ಎಂಬ ಫೇರಿ ದಳಪತಿ ಅವಳ ತಂದೆತಾಯಿಯರನ್ನು ಮಕ್ಕಳ ಕಣ್ಣೆದುರೇ ಕೊಂದು, ತನ್ನ ಮಗಳು ವಿವಿಯನ್‌ಳ ಜೊತೆಗೆ ಜೂಡ್‌ಳನ್ನೂ ಅವಳ ಅವಳಿ ಟ್ಯಾರಿನ್‌ಳನ್ನೂ ಎಲ್ಫ್‌ಹೇಮ್ ಎಂಬ ಫೇರಿ ರಾಜ್ಯಕ್ಕೆ ಕರೆದೊಯ್ದು ಸಾಕುತ್ತಾನೆ. ಕೊಂದವನೇ ಕತ್ತಿವರಸೆ ಕಲಿಸುವ ಗುರು, ಕೊಂದವನ ಮೇಲೆಯೇ ತಂದೆಯ ಮೇಲಿರುವಂಥ ಮಮತೆ: ಕಾದಂಬರಿಯ ಅತ್ಯಂತ ಸತ್ವಶಾಲಿ ಸಂಬಂಧ ಇದೇ ಹೊರತು ಪ್ರಚಾರದಲ್ಲಿ ಎತ್ತಿ ಹೇಳುವ ಪ್ರೇಮವಲ್ಲ. ಹದಿನೇಳರ ಹರೆಯಕ್ಕೆ ಬಂದ ಜೂಡ್‌ಳಿಗೆ ಆ ಆಸ್ಥಾನದಲ್ಲಿ ಮಾಯೆಯಿಲ್ಲ, ದೀರ್ಘಾಯುಸ್ಸಿಲ್ಲ, ಅವರ ಮೋಡಿಯಿಂದ ರಕ್ಷಣೆಯೂ ಇಲ್ಲ. ವಿಷಪ್ರಯೋಗಕ್ಕೆ ಮೈ ಬಗ್ಗದಿರಲೆಂದು ಅವಳು ದಿನವೂ ಚಿಟಿಕೆಯಷ್ಟು ವಿಷ ತಿಂದು, ವಾಂತಿ ಮತ್ತು ನಡುಕವನ್ನು ಸಹಿಸಿ ದೇಹವನ್ನು ಪಳಗಿಸುತ್ತಾಳೆ. ಹೀಗೆ ಎಲ್ಲ ವಿಧದಲ್ಲೂ ದುರ್ಬಲಳಾದವಳಲ್ಲಿ ಫೇರಿಗಳಿಗಿಲ್ಲದ ಶಕ್ತಿ ಒಂದೇ, ಅವಳು ಸುಳ್ಳು ಹೇಳಬಲ್ಲಳು. ರಾಜಕುಮಾರ ಡೇನ್ ಅವಳನ್ನು ಗೂಢಚಾರಿಣಿಯಾಗಿ ನೇಮಿಸಿಕೊಳ್ಳುವುದೂ ಈ ಕಾರಣಕ್ಕೇ.

ಪ್ರೇಮದ ಎಳೆ ಹೊಸತಾಗುವುದು ಇಲ್ಲಿ. ಸಾಮಾನ್ಯ ಪ್ರೇಮಕಾದಂಬರಿಗಳು ನಾಯಕನ ಮನಸ್ಸಿನಲ್ಲಿ ಏನಿದೆ ಎಂಬ ಸಂಶಯದ ಮೇಲೆಯೇ ನೂರಾರು ಪುಟ ಓಡುತ್ತವೆ. ಅರಸನ ಕಿರಿಯ ಮಗ ಕಾರ್ಡನ್ ಜೂಡ್‌ಳನ್ನು ಹೀಯಾಳಿಸುವುದರಲ್ಲೇ ಸುಖ ಕಾಣುವ ದುಷ್ಟನಾದರೂ, ಅವನು ಆಡುವ ಒಂದು ಮಾತೂ ಸುಳ್ಳಾಗಲಾರದು. ಅವನು ಸೆರೆಯಾಳಾಗಿ ಕುಳಿತಿರುವ ದೃಶ್ಯದಲ್ಲಿ, ದ್ವೇಷಕ್ಕೆ ಕಾರಣವೇನೆಂದು ಜೂಡ್ ಕೇಳಿದಾಗ, ಮನಸ್ಸು ತನ್ನ ಹಿಡಿತಕ್ಕೆ ಸಿಗದೆ ಮತ್ತೆ ಮತ್ತೆ ಅವಳತ್ತಲೇ ಹೋಗುತ್ತದೆಂಬುದನ್ನು ಅವನು ಬೈಗುಳದ ದನಿಯಲ್ಲೇ ಒಪ್ಪಿಕೊಳ್ಳಬೇಕಾಗುತ್ತದೆ. ಅದು ನಿಜವೋ ನಟನೆಯೋ ಎಂದು ಅವಳಾಗಲಿ ಓದುಗರಾಗಲಿ ತೂಗಿನೋಡುವ ಪ್ರಮೇಯವೇ ಬರುವುದಿಲ್ಲ. ಸಂಶಯ ಬೇಕಾದದ್ದು ಅವಳ ಮಾತಿನ ಬಗ್ಗೆ. ನಂಬಿ ಕೆಡುವ ಅಪಾಯವಿರುವುದು ರಾಜಕುಮಾರನಿಗೆ. ಒಂದು ವರ್ಷ ಮತ್ತು ಒಂದು ದಿನ ತನ್ನ ಆಜ್ಞೆಗೆ ಬದ್ಧನಾಗಿರುವಂತೆ ಅವಳು ಅವನಿಂದ ಮಾತು ಪಡೆದು, ಅದನ್ನು ಬಳಸುವ ಬಗೆಯನ್ನು ಇಲ್ಲಿ ಬಿಚ್ಚಿಟ್ಟರೆ ಓದುವವರಿಗೆ ದ್ರೋಹ ಬಗೆದಂತಾದೀತು. ಕಟ್ಟಳೆ ಮೊದಲ ಪುಟಗಳಲ್ಲೇ ಎದುರಿಗಿದ್ದರೂ ಆ ತಿರುವು ಬೆಚ್ಚಿಬೀಳಿಸುತ್ತದೆಂಬುದು ಕಥನಕೌಶಲಕ್ಕೆ ಸಾಕ್ಷಿ.

ಇದೇ ಬಗೆಯಲ್ಲಿ ಇದಕ್ಕಿಂತ ಹೆಚ್ಚು ಸದ್ದು ಮಾಡಿದ ಸಾರಾ ಜೆ. ಮಾಸ್ ಅವರ 'ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್' (2015) ಕಾದಂಬರಿಯಲ್ಲಿ, ಫೇರಿಗಳು ಸುಳ್ಳಾಡಲಾರರೆಂಬುದೂ ಕಬ್ಬಿಣ ಅವರಿಗೆ ಆಗದೆಂಬುದೂ ಬರಿಯ ಕಟ್ಟುಕಥೆಗಳೆಂದು ತಿಳಿದುಬರುತ್ತದೆ. ಅದು ಲೇಖಕಿಯ ಸ್ವಾತಂತ್ರ್ಯ, ನಿಜ. ಆದರೆ ಕಟ್ಟಳೆ ಹೋದ ಮೇಲೆ ಅಲ್ಲಿನ ಫೇರಿಗಳು ಅತಿ ಚೆಲುವರೂ ಅತಿ ಬಲಶಾಲಿಗಳೂ ಆದ ಮನುಷ್ಯರಂತೆಯೇ ಕಾಣುತ್ತಾರೆ.

ಬ್ಲ್ಯಾಕ್ ಅವರ ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಕಾರ್ಡನ್‌ನ ಕ್ರೌರ್ಯಕ್ಕೆ ಅವನ ಅಣ್ಣ ಬೇಲ್ಕಿನ್‌ನ ಮನೆಯಲ್ಲಿ ಅವನು ತಿನ್ನುವ ಏಟುಗಳನ್ನು ಕಾರಣವಾಗಿ ತೋರಿಸಿ, ಖಳನನ್ನು ಕರುಣೆಗೆ ಪಾತ್ರನಾಗಿಸುವ ಉಪಾಯ ಈ ಬಗೆಯ ಕಾದಂಬರಿಗಳಲ್ಲಿ ಸವೆದು ಹಳತಾದದ್ದು. ಹಿಂಸೆ ಕೊಟ್ಟವನೇ ನಲ್ಲನಾಗುವ ಈ ಜಾಡನ್ನು ಹದಿಹರೆಯದ ಓದುಗರ ಮುಂದಿಡುವಾಗ ಇನ್ನಷ್ಟು ಎಚ್ಚರ ಬೇಕಿತ್ತು. ಅದಕ್ಕಿಂತ ಹೆಚ್ಚು ಚುಚ್ಚುವುದು ಸೋಫಿಯ ಪ್ರಸಂಗ. ಬೇಲ್ಕಿನ್‌ನ ಮನೆಯಲ್ಲಿ ಮೋಡಿಗೊಳಗಾಗಿ, ತಾನೆಲ್ಲಿದ್ದೇನೆಂಬ ಅರಿವೂ ಇಲ್ಲದೆ ದುಡಿಯುತ್ತಿದ್ದ ಆ ಮಾನವ ಹೆಣ್ಣನ್ನು ಜೂಡ್ ಬಿಡಿಸಿ ತರುತ್ತಾಳೆ. ಮೋಡಿ ಹರಿದು ಕಂಡದ್ದನ್ನು ತಾಳಲಾರದೆ ಆಕೆ ಸಮುದ್ರಕ್ಕೆ ಹಾರುತ್ತಾಳೆ. ಅರಮನೆಯ ಸೊಬಗೆಲ್ಲ ಇಂಥವರ ಬಿಟ್ಟಿ ಚಾಕರಿಯ ಮೇಲೆ ನಿಂತಿದೆಯೆಂದು ತೋರಿಸಿದ ಕಾದಂಬರಿ, ತೋರಿಸಿದಷ್ಟೇ ಬೇಗ ಸಿಂಹಾಸನದ ಒಳಸಂಚಿನತ್ತ ತಿರುಗಿಬಿಡುತ್ತದೆ. ಸೋಫಿ ನಾಯಕಿಯ ಮನಃಸಾಕ್ಷಿಗೆ ಬಿದ್ದ ಒಂದು ಗೀರಾಗಿ ಮಾತ್ರ ಉಳಿಯುತ್ತಾಳೆ.

ಪ್ರೇಮವನ್ನಷ್ಟೇ ಬಯಸುವ ಓದುಗರು ಈ ಸಂಪುಟದಲ್ಲಿ ನಿರಾಶರಾಗುವುದು ಖಚಿತ. 2019ರಲ್ಲಿ ಬಂದ 'ದ ವಿಕೆಡ್ ಕಿಂಗ್' ಮತ್ತು 'ದ ಕ್ವೀನ್ ಆಫ್ ನಥಿಂಗ್' ಎಂಬ ಮುಂದಿನ ಎರಡು ಭಾಗಗಳವರೆಗೆ ಅವರು ಕಾಯಬೇಕು. ಅಧಿಕಾರದ ಆಟವನ್ನು ಮಾತಿನ ಒಂದೊಂದು ಎಳೆಯಲ್ಲೂ ಹಿಂಬಾಲಿಸಬಲ್ಲವರಿಗೆ ಮಾತ್ರ ಮೊದಲ ಸಂಪುಟವೇ ತೃಪ್ತಿ ಕೊಡುತ್ತದೆ.