ಶಾಲೆಯಿಂದ ಬರುವ ಚೀಟಿ



ನರಗುಂದದ ನಮ್ಮ ಓಣಿಯ ಒಬ್ಬ ತಾಯಿಗೆ 8 ವರ್ಷದ ಮಗ. ಬುದ್ಧಿಯ ಬೆಳವಣಿಗೆ ನಿಧಾನ. ಅವನ ಚೀಲದಲ್ಲಿ ಶಾಲೆಯ ಚೀಟಿ ಕಂಡರೆ ಆಕೆಯ ಎದೆ ಡವಡವ ಎನ್ನುತ್ತಿತ್ತು. 'ಗದ್ದಲ ಮಾಡಿದ', 'ಪಕ್ಕದವನಿಗೆ ಹೊಡೆದ' ಎಂಬ ದೂರುಗಳೇ ಅದರಲ್ಲಿ. ಆಕೆಗೆ ಕನ್ನಡ ಓದಲು ಬಾರದು. ಗಂಡ ರಾತ್ರಿ ಬಂದು ಓದಿ ಹೇಳಿದಾಗ ಮಗ ಮಲಗಿರುತ್ತಿದ್ದ. ಕೊನೆಗೆ ನಾಚಿಕೆಯಿಂದ ಆಕೆ ಶಾಲೆಯ ಕಡೆ ಹೋಗುವುದನ್ನೇ ಬಿಟ್ಟಳು. ತಾಯಿಗೆ ಮಗನ ಚಿಂತೆಯಿಲ್ಲವೆಂದು ಶಾಲೆಯವರು ತಿಳಿದರು.

ಒಂದು ದಿನ ನಾನೇ ಆಕೆಯನ್ನು ಕರೆದುಕೊಂಡು ಹೋದೆ.

"ದಿನಾ ಪಾ, ಪಾ ಅಂತ ಅಳ್ತಾನ್ರೀ. ಅಪ್ಪನ್ನ ನೆನಸ್ತಾನ ಅಂತ ಸುಮ್ನ ಬಿಟ್ರ ಹೊಡ್ಯಾಕ ಬರ್ತಾನ" ಎಂದರು ಟೀಚರ್.

ತಾಯಿ ಬೆರಗಾದಳು. "ಅಪ್ಪನ್ನ ಅಲ್ರೀ ಟೀಚರ್, ಪಾನಿ ಕೇಳ್ತಾನ. ಅವಗ ನೀರಡಿಕಿ ಆಗಿರ್ತದ!"

ಟೀಚರ್ ಕಣ್ಣಲ್ಲಿ ನೀರು ಬಂತು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ; ಮಗು ನಡುವೆ ಬಾಯಾರಿ ಕುಳಿತಿತ್ತು.

ಅಂದೇ ಅವನ ಹತ್ತು ಮಾತುಗಳನ್ನು ಅರ್ಥಸಹಿತ ಬರೆದುಕೊಟ್ಟೆವು. ಚೀಟಿಯ ಬದಲು ಟೀಚರ್ ಈಗ ಫೋನಿನಲ್ಲಿ ಮಾತಾಡಿ ಕಳಿಸುತ್ತಾರೆ: ಮೊದಲು ಅಂದು ಅವನು ಮಾಡಿದ ಒಂದು ಒಳ್ಳೆಯ ಕೆಲಸ, ನಂತರ ತೊಂದರೆ. ರಾತ್ರಿ ನಿದ್ದೆ ಬಂತೇ, ಮಾತ್ರೆ ನುಂಗಿದನೇ, ಏನು ತಿಂದ ಎಂಬುದನ್ನು ತಾಯಿ ಬೆಳಿಗ್ಗೆ ತಿಳಿಸುತ್ತಾಳೆ. ಹುಡುಗ ಇಂದಿಗೂ ಕೆಲವು ದಿನ ಹಟ ಮಾಡುತ್ತಾನೆ. ಆದರೆ ನೀರಿಗಾಗಿ ಅಳುವುದಿಲ್ಲ.

ಮೈಸೂರಿನಲ್ಲಿ ಕಿವುಡು ಮಕ್ಕಳ ಪಾಲಕರೇ ಕಟ್ಟಿದ ಶಾಲೆಯೊಂದಿದೆ. ಅಲ್ಲಿ ತಾಯಿಯೂ ಮಗುವಿನ ಜೊತೆ ತರಗತಿಯಲ್ಲಿ ಕುಳಿತು ಕಲಿಯುತ್ತಾಳೆ. ಎಲ್ಲರಿಗೂ ಅದು ಸಾಧ್ಯವಾಗದು. ತಿಂಗಳಿಗೊಮ್ಮೆ ಟೀಚರ್ ಜೊತೆ ಕುಳಿತು ಮಾತಾಡುವುದು ಸಾಧ್ಯ.

ಕಾನೂನೂ ನಿಮ್ಮ ಜೊತೆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಶೇ. 40 ಅಥವಾ ಹೆಚ್ಚು ನ್ಯೂನತೆಯುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ನಿಮ್ಮದು. ಇಂಥ ಮಕ್ಕಳಿಗಾಗಿಯೇ ತರಬೇತಾದ ಸಂಪನ್ಮೂಲ ಶಿಕ್ಷಕರ ಬಗ್ಗೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಿ. ಶಾಲೆಗೆ ಹೋಗಲಾಗದ ಮಗುವಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆಯನ್ನೂ ಕೇಳಿ.

ಓದು ಬಾರದೆಂದು ಹಿಂಜರಿಯಬೇಡಿ. ನಿಮ್ಮ ಮಗುವಿನ 'ಪಾ' ಎಂದರೆ ಏನೆಂದು ನೀವು ಹೇಳದಿದ್ದರೆ ಇನ್ಯಾರು ಹೇಳಬೇಕು?